ಬುಧದ ಕತ್ತಲಲ್ಲಿ ಎಳೆದ ಗೆರೆ

ಕೂತಲ್ಲಿ ಕೂರುವ ಅಭ್ಯಾಸ ಕಾವ್ಯಶ್ರೀಗೆ ಮೊದಲಿನಿಂದಲೂ ಇರಲಿಲ್ಲ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಬೆಳಗಿನ ಬಸ್ಸು ತೆರಕಣಾಂಬಿ ದಾಟುವುದರೊಳಗೆ ಅವಳು ಎರಡು ಸಲ ಸೀಟು ಬದಲಾಯಿಸಿರುತ್ತಿದ್ದಳು. ಒಂದು ಸಲ ಬಿಸಿಲು ಅಂತ, ಇನ್ನೊಂದು ಸಲ ಗಾಳಿ ಅಂತ. ಕಂಡಕ್ಟರಿಗೂ ರೂಢಿಯಾಗಿಹೋಗಿ, ಮೇಡಮ್ ಇವತ್ತು ಎಡಕ್ಕೋ ಬಲಕ್ಕೋ ಎಂದು ನಗುತ್ತಲೇ ಟಿಕೆಟ್ ಕೊಡುತ್ತಿದ್ದ. ಆದರೆ ಆ ಆಗಸ್ಟಿನಲ್ಲಿ ಅವಳ ಚಡಪಡಿಕೆಗೆ ಸರಿಯಾದ ಕಾರಣವೇ ಇತ್ತು. ಹೈದರಾಬಾದಿನ ಸಂಸ್ಥೆಯೊಂದರಲ್ಲಿ ಅವಳಿಗೆ ಕೆಲಸ ಹೆಚ್ಚುಕಡಿಮೆ ಗೊತ್ತಾಗಿತ್ತು. ಸೋಮವಾರ ಕೊನೆಯ ನಕ್ಷೆಗಳನ್ನು ಕಳಿಸಿಬಿಟ್ಟರೆ, ಆಯ್ಕೆ ಕಮಿಟಿಯವರ ಮುಂದೆ ಒಂದು ಮಾತು ಆಡಿಬಿಟ್ಟರೆ, ಮುಗಿಯಿತು.

ಸದ್ಯಕ್ಕೆ ಅವಳು ಕೆಲಸ ಮಾಡುತ್ತಿದ್ದುದು ಗುಂಡ್ಲುಪೇಟೆಯ ರಾಜಶೇಖರ್ ಅವರ ಈರುಳ್ಳಿ ಗೋದಾಮಿನ ಮೇಲಿನ ಮಹಡಿಯಲ್ಲಿ. ರಾಜಶೇಖರ್ ಅವಳ ತಾಯಿಯ ಕಡೆಯಿಂದ ದೂರದ ನೆಂಟರು. ಮೈಸೂರಿನಲ್ಲಿ ಯಾರೋ ಕಂಪ್ಯೂಟರ್ ಇಟ್ಟು, ಕಂಪನಿಗಳು ಕಳಿಸಿದ ಚಿತ್ರಗಳ ಮೇಲೆ ಗುರುತಿನ ಗೆರೆ ಹಾಕಿಸಿ ಚೆನ್ನಾಗಿ ಬದುಕುತ್ತಿದ್ದಾರೆ ಎಂದು ಕೇಳಿದ್ದೇ ತಡ, ಖಾಲಿ ಬಿದ್ದಿದ್ದ ಮಹಡಿಗೆ ಸುಣ್ಣ ಹೊಡೆಸಿ ಮೂರು ಕಂಪ್ಯೂಟರ್ ತಂದು ಕೂರಿಸಿದ್ದರು. ಮೊದಲು ರಸ್ತೆಗುಂಡಿಗಳಿಗೆ ಗೆರೆ ಹಾಕುವ ಕೆಲಸ ಬಂತು, ಆಮೇಲೆ ರೋಗ ಹಿಡಿದ ಟೊಮೆಟೊ ಎಲೆಗಳದ್ದು. ಈ ವರ್ಷ ಬಂದದ್ದು ಬುಧಗ್ರಹದ ದಕ್ಷಿಣ ತುದಿ. ಈರುಳ್ಳಿ ಘಾಟಿನ ನಡುವೆ ಒಂದು ಗ್ರಹದ ನಕ್ಷೆ ತಯಾರಾಗುತ್ತಿದೆ ಎಂದರೆ ಹೈದರಾಬಾದಿನವರು ನಂಬುತ್ತಿದ್ದರೋ ಇಲ್ಲವೋ, ಯಾರೂ ಅವರಿಗೆ ಹೇಳಲು ಹೋಗಿರಲಿಲ್ಲ.

ಕೆಲಸ ಕೇಳುವುದಕ್ಕೆ ಸುಲಭವಾಗಿತ್ತು. ಬುಧ ಸೂರ್ಯನಿಗೆ ಎಲ್ಲಕ್ಕಿಂತ ಹತ್ತಿರದ ಗ್ರಹ. ಅದರ ನಡುಭಾಗ ಸೀಸ ಕರಗುವಷ್ಟು ಕಾಯುತ್ತದೆ. ಆದರೆ ತುದಿಗಳಲ್ಲಿ ಬಿಸಿಲು ನೆಲಕ್ಕೆ ಒರಗಿಕೊಂಡೇ ಬರುವುದರಿಂದ ಆಳವಾದ ಕುಳಿಗಳ ತಳಕ್ಕೆ ಅದು ಎಂದೂ ಇಳಿಯುವುದಿಲ್ಲ. ಅಲ್ಲಿ ಯುಗಯುಗದಿಂದ ಕತ್ತಲೆ, ಕತ್ತಲೆಯೊಳಗೆ ಮಂಜುಗಡ್ಡೆ. ಉತ್ತರದ ತುದಿಯ ಎತ್ತರ ತಗ್ಗನ್ನು ನೌಕೆಯಿಂದ ಲೇಸರ್ ಬಿಟ್ಟು ಅಳೆದಿದ್ದಾರೆ. ದಕ್ಷಿಣಕ್ಕೆ ಆ ಅಳತೆ ಸಿಕ್ಕಿಲ್ಲ, ಇರುವುದು ಬರೀ ಚಿತ್ರಗಳು. ಆ ಚಿತ್ರಗಳಲ್ಲಿ ಕುಳಿಯ ಅಂಚು ಎಲ್ಲೆಲ್ಲಿ ಕಾಣುತ್ತದೋ ಅಲ್ಲಲ್ಲಿ ಗೆರೆ ಎಳೆಯಬೇಕು. ನೆರಳು ಅಂಚನ್ನು ನುಂಗಿದ ಕಡೆ ಗೆರೆ ನಿಲ್ಲಿಸಬೇಕು. ಮುಂದೆ ಹೋಗುವ ನೌಕೆ ಮೊದಲು ಎಲ್ಲಿ ನೋಡಬೇಕು ಎನ್ನುವುದನ್ನು ಆ ಬಿಟ್ಟ ಜಾಗಗಳನ್ನು ನೋಡಿಯೇ ತೀರ್ಮಾನಿಸುತ್ತಾರೆ ಎಂದು ಸಂಸ್ಥೆಯ ವಿಜ್ಞಾನಿ ಶಿವಮೂರ್ತಿ ಮೊದಲ ದಿನವೇ ಫೋನಿನಲ್ಲಿ ಬಿಡಿಸಿ ಹೇಳಿದ್ದರು. ಅವರು ಕೊಳ್ಳೇಗಾಲದ ಕಡೆಯವರು, ಮಾತೆಲ್ಲ ಕನ್ನಡದಲ್ಲೇ ನಡೆಯುತ್ತಿತ್ತು.

ಗೆರೆ ಎಳೆಯುವವರು ಇಬ್ಬರು. ಒಬ್ಬ ಸೋಮೇಶ್, ತೆರಕಣಾಂಬಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದು, ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಬಾಗಿಲು ಹಾಕಿದ್ದವನು. ಇನ್ನೊಬ್ಬಳು ಭಾಗ್ಯ, ಹಂಗಳದ ಆಚೆ ಗೋಪಾಲಸ್ವಾಮಿ ಬೆಟ್ಟದ ಬುಡದ ಊರಿನವಳು. ಕೆಳಗೆ ಈರುಳ್ಳಿ ಆರಿಸಲು ಬರುತ್ತಿದ್ದವಳನ್ನು ಮೇಲಕ್ಕೆ ಕರೆತಂದದ್ದೇ ಕಾವ್ಯಶ್ರೀ. ಆಯುಧಪೂಜೆಯ ದಿನ ಗೋದಾಮಿನ ಬಾಗಿಲಲ್ಲಿ ಅವಳು ಬಿಡಿಸಿದ್ದ ಎಳೆ ರಂಗೋಲಿ ನೋಡಿ, ಈ ಕೈ ಮೌಸ್ ಹಿಡಿದರೆ ಹೇಗಿದ್ದೀತು ಅನ್ನಿಸಿತ್ತು. ಅನ್ನಿಸಿದ್ದು ಸುಳ್ಳಾಗಲಿಲ್ಲ. ಭಾಗ್ಯಳ ಗೆರೆ ಎಲ್ಲೂ ನಡುಗುತ್ತಿರಲಿಲ್ಲ. ಅವಳ ಗಂಡ ಮಾದಣ್ಣ ಗೂಡ್ಸ್ ಆಟೋ ಓಡಿಸುತ್ತಿದ್ದ. ಕುರ್ಚಿಯ ಮೇಲೆ ಕೂತು ಕೂಲಿ ಮಾಡುವ ಹೆಂಡತಿ ತನ್ನ ವಂಶದಲ್ಲಿ ಇವಳೊಬ್ಬಳೇ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದನಂತೆ.

ಕಾವ್ಯಶ್ರೀಯದು ತಪಾಸಣೆ. ಇಬ್ಬರೂ ಮುಗಿಸಿದ ಹಾಳೆಗಳನ್ನು, ಅಂದರೆ ಗೆರೆ ಎಳೆದ ಚಿತ್ರಗಳನ್ನು, ಕಂಪ್ಯೂಟರಿನಲ್ಲಿ ನೋಡಿ, ಸರಿ ಎಂದು ಒತ್ತಿ, ಹೈದರಾಬಾದಿಗೆ ಕಳಿಸುವುದು. ಮೈಸೂರಿನಲ್ಲಿ ಭೂಗೋಳದಲ್ಲಿ ಎಂ.ಎಸ್ಸಿ. ಮಾಡಿ, ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸವೆದು, ಕೊನೆಗೆ ಈ ಮಹಡಿ ಹತ್ತಿದವಳು. ಯಾರೂ ಕಣ್ಣಿಟ್ಟು ನೋಡದ ಜಾಗವನ್ನು ತಾನು ಮೊದಲು ನೋಡಬೇಕು ಎನ್ನುವುದು ಅವಳ ಆಸೆ. ಅದನ್ನು ಮನೆಯಲ್ಲಿ ಹೇಳಿದರೆ ತಾಯಿ ಗಂಗಾಂಬಿಕೆ, ಮೊದಲು ಬಂದ ಗಂಡುಗಳನ್ನು ಕಣ್ಣಿಟ್ಟು ನೋಡು ಎನ್ನುತ್ತಿದ್ದರು. ಇಷ್ಟು ಅಚ್ಚುಕಟ್ಟಾದ ಹಾಳೆಗಳು ಬೇರೆಲ್ಲಿಂದಲೂ ಬಂದಿಲ್ಲ, ನನ್ನ ತಂಡಕ್ಕೇ ಬಂದುಬಿಡು ಎಂದು ಶಿವಮೂರ್ತಿ ಹೇಳಿದ ದಿನ ಅವಳು ಮಹಡಿಯ ಮೇಲೆ ಅತ್ತಿಂದಿತ್ತ ನಡೆದೂ ನಡೆದೂ ಚಪ್ಪಲಿಯ ಬಾರು ಕಿತ್ತುಕೊಂಡಿತ್ತು.

ಶುಕ್ರವಾರ ಮಧ್ಯಾಹ್ನ ಅವಳು ಕಮಿಟಿಗೆ ತೋರಿಸಲು ಒಂದು ಚಂದದ ಕುಳಿ ಹುಡುಕುತ್ತಿದ್ದಳು. ಭಾಗ್ಯಳ ಹಾಳೆಗಳಲ್ಲಿ ಆರಿಸುವುದೇ ಕಷ್ಟ, ಎಲ್ಲವೂ ಚಂದ. ಕೊನೆಗೆ ಒಂದನ್ನು ಆರಿಸಿ, ಪಕ್ಕದಲ್ಲಿ ಇಡೋಣವೆಂದು ಸಂಸ್ಥೆಯವರು ಆ ವಾರ ಕಳಿಸಿದ್ದ ಹೊಸ ಚಿತ್ರಗಳ ಕಂತಿನಲ್ಲಿ ಅದೇ ಜಾಗವನ್ನು ತೆಗೆದಳು. ಅದು ಬಿಸಿಲು ಇನ್ನೊಂದು ಕಡೆಯಿಂದ ಬೀಳುತ್ತಿದ್ದಾಗ ತೆಗೆದ ಚಿತ್ರ. ಮೊದಲ ಚಿತ್ರದಲ್ಲಿ ಕಪ್ಪಾಗಿದ್ದ ಕಡೆ ಇದರಲ್ಲಿ ಬೆಳಕಿತ್ತು. ಆ ಬೆಳಕಿನಲ್ಲಿ ನೋಡಿದರೆ ಕುಳಿಗೆ ಅಲ್ಲಿ ಅಂಚೇ ಇಲ್ಲ. ಗೋಡೆ ಕುಸಿದು, ಪಕ್ಕದ ತಗ್ಗಿನೊಳಕ್ಕೆ ಜಾರಿಹೋಗಿದೆ. ಭಾಗ್ಯಳ ಗೆರೆ ಮಾತ್ರ ಆ ಬಟ್ಟ ಬಯಲಿನ ಮೇಲೆ ದುಂಡಗೆ ಬಳಸಿಕೊಂಡು ಹೋಗಿ ತನ್ನ ತುದಿಯನ್ನು ತಾನೇ ಮುಟ್ಟಿತ್ತು.

ಅವಳು ಇನ್ನೊಂದು ಹಾಳೆ ತೆಗೆದಳು. ಮತ್ತೊಂದು. ಎಲ್ಲೂ ಗೆರೆ ನಿಂತಿರಲಿಲ್ಲ. ಕತ್ತಲೆ ಎಷ್ಟು ದಟ್ಟವಾಗಿದ್ದರೂ ಗೆರೆ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬಂದಿತ್ತು. ಹೈದರಾಬಾದಿನವರು ಅಚ್ಚುಕಟ್ಟು ಎಂದು ಹೊಗಳಿದ್ದು ಇದನ್ನೇ. ಕೆಲಸ ಹೋಯಿತು, ಹೆಸರು ಹೋಯಿತು, ಹೈದರಾಬಾದು ಹೋಯಿತು. ಆ ಹೊತ್ತಿನಲ್ಲಿ ಅವಳಿಗೆ ಬೇಕಾಗಿದ್ದದ್ದು ಬೈಯಲು ಒಬ್ಬರು, ಅಷ್ಟೆ. ಭಾಗ್ಯ ಕೆಳಗೆ ಆರಿಸುವ ಹೆಂಗಸರ ಜೊತೆ ಊಟಕ್ಕೆ ಕೂತಿದ್ದಳು. ಕಾವ್ಯಶ್ರೀ ದಡದಡನೆ ಅರ್ಧ ಮೆಟ್ಟಿಲು ಇಳಿದು, ಅಲ್ಲೇ ನಿಂತು, ತೂಕ ಹಾಕಿಸುತ್ತಿದ್ದ ರಾಜಶೇಖರ್ ಅವರನ್ನು ಕೂಗಿದಳು.

"ಅಣ್ಣಾ, ಭಾಗ್ಯಕ್ಕ ಮಾಡಿರೋ ಕೆಲಸ ನೋಡಿ ಬನ್ನಿ. ಕಾಣದ ಕಡೆ ಎಲ್ಲ ತಾವೇ ಗೆರೆ ಎಳೆದವ್ರೆ. ಎಲ್ಲಾ ಸುಳ್ಳು."

ಗೋದಾಮಿಗೆ ಗೋದಾಮೇ ತಿರುಗಿ ನೋಡಿತು. ಹಮಾಲರು, ಆರಿಸುವ ಹೆಂಗಸರು, ಕೇರಳದ ಲಾರಿಯ ಡ್ರೈವರ್, ಎಲ್ಲರೂ. ರಾಜಶೇಖರ್‌ಗೆ ಬುಧವೂ ತಿಳಿಯದು ಗೆರೆಯೂ ತಿಳಿಯದು. ಸುಳ್ಳು ಎನ್ನುವ ಮಾತು ಮಾತ್ರ ತಿಳಿಯಿತು. ವ್ಯಾಪಾರಸ್ಥರ ಜಾಗದಲ್ಲಿ ನಾಲ್ಕು ಜನ ಹೊರಗಿನವರ ಮುಂದೆ ಆ ಮಾತು ಬಿದ್ದ ಮೇಲೆ ಅವರೂ ಏನಾದರೂ ಮಾಡಲೇಬೇಕಿತ್ತು. ನಾಳೆಯಿಂದ ಬರಬೇಡ ಎಂದುಬಿಟ್ಟರು. ಭಾಗ್ಯ ಒಂದು ಸಲ ತಲೆಯೆತ್ತಿ ಕಾವ್ಯಶ್ರೀಯನ್ನು ನೋಡಿದಳು. ಅರ್ಧ ಉಂಡ ಡಬ್ಬಿಗೆ ಮುಚ್ಚಳ ಹಾಕಿ, ಕೈ ತೊಳೆದು, ಬ್ಯಾಗಿಗೆ ಹಾಕಿಕೊಂಡು ಹೊರಟುಹೋದಳು.

ಕಾವ್ಯಶ್ರೀ ಮೇಲೆ ಬಂದು ಹಾಳೆಗಳನ್ನು ತಾನೇ ಸರಿಮಾಡಲು ಕೂತಳು, ಎದ್ದಳು, ಮತ್ತೆ ಕೂತಳು. ಯಾವ ಕಡೆ ಕಂಡು ಎಳೆದದ್ದು, ಯಾವ ಕಡೆ ಕಾಣದೆ ಎಳೆದದ್ದು ಎಂದು ಗುರುತೇ ಸಿಗುತ್ತಿರಲಿಲ್ಲ. ಸರಿ, ಸೋಮೇಶನವಾದರೂ ನೆಟ್ಟಗಿವೆಯೇ ಎಂದು ಅವನ ಹಾಳೆ ತೆಗೆದಳು. ಅಲ್ಲೂ ಅದೇ. ಗೆರೆ ಭಾಗ್ಯಳದಷ್ಟು ನಯವಾಗಿಲ್ಲ, ಆದರೆ ಒಂದೂ ಬಿಟ್ಟಿಲ್ಲ. ಅವನನ್ನು ಕರೆದು, ಕಾಣದಿದ್ದರೆ ನಿಲ್ಲಿಸಿ ಎಂದು ನಾನು ಹೇಳಿರಲಿಲ್ಲವೇ ಎಂದು ಕೇಳಿದಳು. ಹೇಳಿದ್ರಿ ಮೇಡಮ್ ಎಂದ ಸೋಮೇಶ. ಮತ್ತೇಕೆ ಹೀಗೆ ಎಂದರೆ, ನೀವು ಕಲಿಸಿದ ದಿನ ಸ್ಕ್ರೀನ್ ರೆಕಾರ್ಡ್ ಆಗಿದೆಯಲ್ಲ, ನಾವು ಅನುಮಾನ ಬಂದಾಗಲೆಲ್ಲ ಅದನ್ನೇ ಹಾಕಿಕೊಂಡು ನೋಡುತ್ತಿದ್ದೆವು ಎಂದು ತನ್ನ ಕಂಪ್ಯೂಟರಿನಲ್ಲಿ ಅದನ್ನು ತೆರೆದು ಅವಳ ಕಡೆ ತಿರುಗಿಸಿದ.

ಅವಳದೇ ಧ್ವನಿ. ಪಾಠ ಹೇಳುವ ದನಿಯಲ್ಲಿ ಸ್ಪಷ್ಟವಾಗಿ ಹೇಳುತ್ತಿದ್ದಳು, ನೆರಳು ಬಂದ ಕಡೆ ಗೆರೆ ನಿಲ್ಲಬೇಕು, ಕಾಣದ್ದನ್ನು ಬರೆಯಬಾರದು. ಹಾಗೆ ಹೇಳುತ್ತಿದ್ದಂತೆಯೇ ಪರದೆಯ ಮೇಲೆ ಅವಳು ಎಳೆಯುತ್ತಿದ್ದ ಹಳದಿ ಗೆರೆ ನೆರಳಿನ ಬಾಯಿಗೆ ಬಂತು, ಒಂದಿಷ್ಟೂ ತಡೆಯದೆ ಒಳಗೆ ಹೋಯಿತು, ಕಪ್ಪಿನ ನಡುವೆ ಬಾಗಿಕೊಂಡು ಆಚೆ ಬಂದು ಹೊರಟಲ್ಲಿಗೇ ಸೇರಿತು. ಬಾಯಿ ನಿಲ್ಲಿಸಿ ಎನ್ನುತ್ತಿತ್ತು, ಕೈ ಕೂಡಿಸುತ್ತಿತ್ತು. ಅವಳು ಅದನ್ನು ಮತ್ತೆ ಹಾಕಿಸಿ ನೋಡಿದಳು. ಮೂರನೆಯ ಸಲ ನೋಡಲು ಧೈರ್ಯ ಬರಲಿಲ್ಲ.

ಸೋಮೇಶ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡ. ತಪ್ಪು ಯಾರದೆಂದು ಅವನಿಗೂ ಆಗಲೇ ಗೊತ್ತಾಗಿತ್ತು. ಸ್ಟುಡಿಯೋದಲ್ಲಿ ಜನರ ಮುಖದ ಕಲೆ ಅಳಿಸಿ ಅಭ್ಯಾಸವಿದ್ದವನು, ನೋಡಿಯೂ ನೋಡದ ಹಾಗೆ ಇರುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ಸಂಜೆಯ ಬಸ್ಸಿನಲ್ಲಿ ಅವಳು ಕೂರಲೇ ಇಲ್ಲ. ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಬಂದಳು. ಮನೆಯಲ್ಲಿ ಗಂಗಾಂಬಿಕೆ ಹೈದರಾಬಾದಿಗೆಂದು ಹೊಸ ಸೂಟ್‌ಕೇಸ್ ತರಿಸಿ ನಡುಮನೆಯಲ್ಲಿ ಇಟ್ಟಿದ್ದರು. ಮಗಳು ದೂರ ಹೋಗುವುದು ಬೇಡವೆಂದು ತಿಂಗಳುಗಟ್ಟಲೆ ಮುಖ ಊದಿಸಿಕೊಂಡಿದ್ದವರು ಈಗ ಅದರ ಚಕ್ರ ಉರುಳುತ್ತದೆಯೇ ಎಂದು ಎಳೆದು ನೋಡುತ್ತಿದ್ದರು. ಎಲ್ಲ ಸರಿಯಾಯಿತಾ ಎಂದು ಕೇಳಿದ್ದಕ್ಕೆ ಕಾವ್ಯಶ್ರೀ ಆಯಿತು ಎಂದಳು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಹೇಸಿಗೆಯಾಯಿತು. ಏನೂ ಹೇಳದೆ ಇದ್ದುಬಿಟ್ಟರೆ ಏನಾದೀತು ಎಂದು ಲೆಕ್ಕ ಹಾಕಿದಳು. ದಕ್ಷಿಣ ತುದಿಗೆ ಬೇರೆ ಅಳತೆ ಇಲ್ಲ. ಹೊಸ ಚಿತ್ರದಲ್ಲಿ ಸಿಕ್ಕಿಬಿದ್ದ ಒಂದೆರಡನ್ನು ತಿದ್ದಿದರೆ ಉಳಿದದ್ದು ಕತ್ತಲೆಯಲ್ಲೇ ಇರುತ್ತದೆ, ಯಾರಿಗೂ ತಿಳಿಯುವುದಿಲ್ಲ. ತಿಳಿದರೂ ತಪ್ಪು ಭಾಗ್ಯಳದು ಎಂದು ಆಗಲೇ ನಾಲ್ಕು ಜನರ ಮುಂದೆ ತೀರ್ಮಾನವಾಗಿದೆ. ಲೆಕ್ಕ ಎಲ್ಲ ಕಡೆಯಿಂದಲೂ ಸರಿಬರುತ್ತಿತ್ತು. ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

ಬೆಳಿಗ್ಗೆ ಬಾಗಿಲಲ್ಲಿ ತಾಯಿ ರಂಗೋಲಿ ಹಾಕುತ್ತಿದ್ದುದನ್ನು ಅವಳು ಹಲ್ಲುಜ್ಜುತ್ತ ನೋಡಿದಳು. ಚುಕ್ಕಿಗಳನ್ನು ಸುತ್ತುತ್ತ ಹೋದ ಎಳೆ ಕೊನೆಗೆ ಹೊರಟಲ್ಲಿಗೇ ಬಂದು ಕೂಡಿತು. ತುದಿ ಬಿಟ್ಟ ಎಳೆ ಮನೆಗೆ ಒಳ್ಳೆಯದಲ್ಲ ಎಂದು ಅವಳಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಚಿಕ್ಕವಳಿದ್ದಾಗ ಅವಳು ಹಾಕಿದ್ದು ಎಲ್ಲಾದರೂ ಕೂಡದೆ ಉಳಿದರೆ ತಾಯಿ ಒಳಗಿಂದ ಬಂದು, ಮಾತಾಡದೆ, ಎರಡು ಬೆರಳಲ್ಲಿ ಒಂದಿಷ್ಟು ಪುಡಿ ಬಿಟ್ಟು ಕೂಡಿಸಿ ಹೋಗುತ್ತಿದ್ದರು. ಕಲಿತದ್ದೆಲ್ಲ ಆ ಕೈ ನೋಡಿಯೇ. ಗುಂಡ್ಲುಪೇಟೆಯಿಂದ ಚಾಮರಾಜನಗರದವರೆಗೆ ಯಾವ ಬಾಗಿಲಲ್ಲಿ ಕೇಳಿದರೂ ಹೆಣ್ಣುಮಕ್ಕಳು ರಂಗೋಲಿ ಕಲಿತದ್ದು ಹಾಗೆಯೇ. ಅವಳು ಬಾಯಿ ಮುಕ್ಕಳಿಸಿ, ತಿಂಡಿಯೂ ತಿನ್ನದೆ, ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಹಂಗಳದಲ್ಲಿ ಇಳಿದು, ಭಾಗ್ಯಳ ಊರಿಗೆ ಆಟೋ ಹಿಡಿದಳು. ಮನೆಯಲ್ಲಿ ಮಾದಣ್ಣನಿದ್ದ. ಇವಳನ್ನು ಕಂಡು ಎದ್ದು ನಿಂತನೇ ಹೊರತು ಬನ್ನಿ ಎನ್ನಲಿಲ್ಲ. ಹೆಂಡತಿ ಹೂವಿನ ಹೊಲಕ್ಕೆ ಕೂಲಿಗೆ ಹೋಗಿದ್ದಾಳೆ ಎಂದು ಕೈ ತೋರಿಸಿದ. ಊರಾಚೆ ಬಣ್ಣದ ಫ್ಯಾಕ್ಟರಿಗೆಂದು ಬೆಳೆದ ಚೆಂಡುಹೂವು ಬೆಟ್ಟದ ಬುಡದವರೆಗೂ ಹಾಸಿತ್ತು. ಪ್ರವಾಸಿಗರ ಕಾರುಗಳು ರಸ್ತೆಯ ಬದಿಗೆ ನಿಂತು, ಜನ ಹೂವಿನ ನಡುವೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರಿಂದಾಚೆ ಹೆಂಗಸರ ಸಾಲು ಬಗ್ಗಿ ಹೂ ಬಿಡಿಸುತ್ತಿತ್ತು. ಅದರಲ್ಲಿ ಭಾಗ್ಯ ಯಾರೆಂದು ಹುಡುಕಬೇಕಾಗಲಿಲ್ಲ. ಇವಳು ಬರುವುದನ್ನು ಕಂಡು ಪಕ್ಕದವರೆಲ್ಲ ಅವಳ ಕಡೆಗೇ ತಿರುಗಿದ್ದರು.

ಭಾಗ್ಯ ಕೈ ನಿಲ್ಲಿಸಲಿಲ್ಲ. ಸಾಲಿನುದ್ದಕ್ಕೂ ಬಿಡಿಸುತ್ತ ಮುಂದೆ ಹೋದಳು, ಕಾವ್ಯಶ್ರೀ ಪಕ್ಕದ ಬದುವಿನಲ್ಲಿ ಅವಳ ಜೊತೆ ಹೆಜ್ಜೆ ಹಾಕುತ್ತ ಮಾತಾಡಬೇಕಾಯಿತು. ರೆಕಾರ್ಡಿನ ವಿಷಯ ಹೇಳಿದಳು. ತಪ್ಪು ನಿಮ್ಮದಲ್ಲ, ನನ್ನದು ಎಂದಳು. ನೀವಾದರೂ ಅವತ್ತೇ ಕೇಳಬಾರದಿತ್ತೇ, ಹೇಳುವುದೊಂದು ತೋರಿಸುವುದೊಂದು ಮಾಡುತ್ತಿದ್ದೀರಿ ಎಂದು ಹೇಳಬಾರದಿತ್ತೇ ಎಂದೂ ಸೇರಿಸಿದಳು. ಅದನ್ನು ಸೇರಿಸದಿದ್ದರೆ ಚೆನ್ನಾಗಿತ್ತು. ಭಾಗ್ಯ ಆಗ ಮಾತ್ರ ಸೊಂಟ ನೆಟ್ಟಗೆ ಮಾಡಿ ನಿಂತಳು.

"ನೀವು ಬಾಯಲ್ಲಿ ಏಳುದ್ದು ನಾನು ಸರಿಯಾಗಿ ಕೇಳ್ನೇ ಇಲ್ಲ ಮೇಡಮ್, ನಿಮ್ ಕೈಯ ನೋಡ್ತಿದ್ದಿ. ಕೆಲ್ಸ ಕಲಿಯೋರು ಇನ್ನೇನ ನೋಡಾರು?"

ಕಾವ್ಯಶ್ರೀ ಬದು ಬಿಟ್ಟು ಅವಳ ಹತ್ತಿರಕ್ಕೆ ಬಂದಳು. ಸೋಮವಾರದಿಂದ ಬನ್ನಿ, ರಾಜಶೇಖರಣ್ಣನಿಗೆ ನಾನು ಹೇಳುತ್ತೇನೆ, ಅವರು ನನ್ನ ಮಾತು ತೆಗೆದುಹಾಕುವುದಿಲ್ಲ ಎಂದಳು. ದನಿ ತಗ್ಗಿಸಿ ಹೇಳಿದ್ದಳು, ಪಕ್ಕದ ಸಾಲಿನವರಿಗೆ ಕೇಳಬಾರದೆಂದು. ಭಾಗ್ಯ ಅವಳ ಮುಖವನ್ನೇ ನೋಡಿದಳು.

"ಅವತ್ತು ಮೆಟ್ಲ ಮೇಲೆ ನಿಂತ್ಕಂಡು ಎಲ್ರ ಮುಂದ ಸುಳ್ಳು ಅಂದ್ರಿ. ಇವತ್ತು ವಲದೊಳಕ್ಕೆ ಬಂದು ನನ್ನೊಬ್ಬಳ ಕಿವೀಲಿ ನಂದೇ ತಪ್ಪು ಅಂತೀರಿ. ಎಲ್ಲಿ ಅಂದ್ರೋ ಅಲ್ಲೇ ಏಳಿ. ಆಮೇಲೆ ಬರದಾ ಬುಡದಾ ನಾನ್ ನೋಡ್ತೀನಿ."

ಅಷ್ಟು ಹೇಳಿ ಮತ್ತೆ ಬಗ್ಗಿದಳು. ಆ ಕಡೆಯ ಊರುಗಳಲ್ಲಿ ದಾರಿ ತಪ್ಪಿ ಬಂದವರನ್ನೂ ನೀರು ಕುಡಿತೀರಾ ಎಂದು ಕೇಳುತ್ತಾರೆ. ಕಾವ್ಯಶ್ರೀಯನ್ನು ಯಾರೂ ಕೇಳಲಿಲ್ಲ. ಒಣಗಿದ ಗಂಟಲಲ್ಲೇ ಅವಳು ರಸ್ತೆಯವರೆಗೆ ನಡೆದು ಬಂದಳು.

ಭಾನುವಾರವನ್ನು ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತಿಲ್ಲ. ಬೀರುವಿನ ಬಟ್ಟೆಗಳನ್ನೆಲ್ಲ ತೆಗೆದು ಸೂಟ್‌ಕೇಸಿಗೆ ತುಂಬಿದಳು, ಮತ್ತೆ ಎಲ್ಲವನ್ನೂ ತೆಗೆದು ಬೀರುವಿಗೆ ಜೋಡಿಸಿದಳು. ಶಿವಮೂರ್ತಿಯವರಿಗೆ ಫೋನ್ ಮಾಡಲು ತೆಗೆದು ಮೂರು ಸಲ ಇಟ್ಟಳು. ತಾಯಿ ಅನುಮಾನದಿಂದ, ಹೋಗುವ ಮನಸ್ಸಿಲ್ಲದಿದ್ದರೆ ಬಿಡೇ, ಯಾರು ಬಲವಂತ ಮಾಡಿದರು ಎಂದರು. ಹೋಗುವ ಮನಸ್ಸು ಅವಳಿಗೆ ಎಷ್ಟಿತ್ತೆಂದರೆ ಆ ಮಾತು ಕೇಳಿ ಕಣ್ಣಲ್ಲಿ ನೀರು ಬಂತು. ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಸೋಮವಾರ ಗೋದಾಮಿನಲ್ಲಿ ಎಂದಿಗಿಂತ ಹೆಚ್ಚು ಜನ. ಕೇರಳದ ಕಡೆಗೆ ಹೊರಡುವ ಲಾರಿಗಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದವು. ಕಾವ್ಯಶ್ರೀ ಮೊದಲು ರಾಜಶೇಖರ್ ಅವರನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದಳು. ಅವರು ಸಮಾಧಾನವಾಗಿ ಕೇಳಿದರು. ಕೇಳಿ ನಕ್ಕರು. ಅವರಿಗೆ ಅದು ದೊಡ್ಡ ಸಂಗತಿಯಾಗಿಯೇ ಕಾಣಲಿಲ್ಲ.

"ನೋಡವ್ವ, ಆ ಗ್ರಹಕ್ಕೆ ನೀನು ಹೋಗ್ತೀಯಾ, ನಾನು ಹೋಗ್ತೀನಾ? ಕಾಣ್ದಿರೋ ಜಾಗ ತಾನೇ, ಯಾರು ನೋಡ್ತಾರೆ ಬುಡು. ಕಳ್ಸ್‌ಬುಟ್ಟು ನೀನು ಹೈದರಾಬಾದಿಗೆ ಒಂಟೋಗು. ಆವಮ್ಮನ್ನ ನಾನು ಮತ್ತೆ ಕರುಸ್ಕತೀನಿ."

ಮೂರು ದಿನದಿಂದ ಅವಳ ತಲೆಯೊಳಗೆ ತಿರುಗುತ್ತಿದ್ದ ಲೆಕ್ಕವೇ ಇದು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದು ಎಷ್ಟು ಸುಲಭವಾಗಿದೆಯೋ ಅಷ್ಟೇ ಕೊಳಕಾಗಿದೆ ಅನ್ನಿಸಿತು. ನೌಕೆಯವರು ಈ ನಕ್ಷೆ ನಂಬಿಕೊಂಡು, ಇಲ್ಲಿ ಆಗಲೇ ನೋಡಿಯಾಗಿದೆ ಎಂದು ಆ ಕತ್ತಲೆಯನ್ನು ದಾಟಿಹೋಗುತ್ತಾರೆ. ಯಾರೂ ನೋಡದ ಜಾಗವನ್ನು ನೋಡಬೇಕೆಂದು ಹೊರಟವಳು ಅದನ್ನು ಇನ್ನು ಯಾರೂ ನೋಡದ ಹಾಗೆ ಮುಚ್ಚಿ ಕೊಟ್ಟಂತಾಗುತ್ತದೆ. ಅವಳು ಮೆಟ್ಟಿಲು ಹತ್ತಿ, ಶುಕ್ರವಾರ ನಿಂತಿದ್ದ ಕಡೆಯೇ ತಿರುಗಿ ನಿಂತಳು. ಮೆಟ್ಟಿಲಿನ ಕಟಕಟೆ ಹಿಡಿದುಕೊಂಡಳು.

"ಎಲ್ರೂ ಒಂದು ನಿಮಿಷ ಕೇಳಿ. ಶುಕ್ರವಾರ ಭಾಗ್ಯಕ್ಕನ ಕೆಲಸ ಸುಳ್ಳು ಅಂದೆ. ಅವರು ನಾನು ಕಲಿಸಿದ ಹಾಗೇ ಮಾಡಿದ್ರು. ತಪ್ಪು ಕಲಿಸಿದ್ದು ನಾನು, ನೋಡಿ ಸರಿ ಅಂತ ಕಳಿಸಿದ್ದೂ ನಾನು."

ಹಮಾಲರು ಮೂಟೆ ಹೊತ್ತೇ ನಿಂತಿದ್ದರು. ಆರಿಸುವ ಹೆಂಗಸರಲ್ಲಿ ಹಿರಿಯಳಾದ ಚಿಕ್ಕನಿಂಗಮ್ಮ, ಭಾಗ್ಯಳ ಊರಿನವಳೇ, ಮಾತು ಮುಗಿದ ಮೇಲೂ ಕಣ್ಣು ಕೀಳದೆ ಇವಳನ್ನೇ ನೋಡಿ, ಆಮೇಲೆ ಬುಟ್ಟಿಗೆ ಕೈ ಹಾಕಿದಳು. ಸಂಜೆಯೊಳಗೆ ಮಾತು ಊರು ಮುಟ್ಟುತ್ತದೆ ಎಂದು ಕಾವ್ಯಶ್ರೀಗೆ ಗೊತ್ತಾಯಿತು. ಮೇಲೆ ಹೋಗಿ, ಕೂರದೆ, ನಿಂತುಕೊಂಡೇ ಹೈದರಾಬಾದಿಗೆ ಫೋನ್ ಮಾಡಿದಳು.

ಶಿವಮೂರ್ತಿ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಎಷ್ಟು ಹಾಳೆ ಎಂದು ಕೇಳಿದರು, ಎಲ್ಲವೂ ಎಂದಳು. ಆಮೇಲೆ, ಎಲ್ಲವನ್ನೂ ಮೊದಲಿನಿಂದ ಮಾಡಿ ಕಳಿಸಲು ಹೇಳಿದರು, ಸಮಯ ಕೊಡಿಸುತ್ತೇನೆ ಎಂದರು. ತಪಾಸಣೆಯನ್ನು ಮಾತ್ರ ಈ ಸಲ ಬೇರೆಯವರು ಮಾಡಬೇಕು, ಒಮ್ಮೆ ಇದ್ದಂತೆ ಕಂಡ ಕಣ್ಣಿಗೆ ಮತ್ತೆ ಅದೇ ಕಾಣುತ್ತದೆ ಎಂದರು. ಕೊನೆಯಲ್ಲಿ, ನಿಮ್ಮ ಹೆಸರನ್ನು ಕಮಿಟಿಯ ಮುಂದೆ ಇಡಲು ಈಗ ನನ್ನಿಂದ ಆಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದು ಫೋನ್ ಇಟ್ಟರು. ಅದುವರೆಗೂ ಏಕವಚನದಲ್ಲಿ ಮಾತಾಡಿಸುತ್ತಿದ್ದವರು ಬಹುವಚನಕ್ಕೆ ಹೋಗಿದ್ದರು. ಅದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಆ ದಿನ ಬಸ್ಸಿನಲ್ಲಿ ಅವಳು ಹತ್ತಿದಾಗ ಸಿಕ್ಕ ಸೀಟಿನಲ್ಲೇ ಕೂತು ಊರಿನವರೆಗೂ ಅಳುತ್ತ ಹೋದಳು, ಕಂಡಕ್ಟರ್ ಎಡ ಬಲ ಏನನ್ನೂ ಕೇಳಲಿಲ್ಲ.

ಭಾಗ್ಯ ಬುಧವಾರ ಬಂದಳು. ಬ್ಯಾಗನ್ನು ಗೂಟಕ್ಕೆ ಹಾಕಿ ತನ್ನ ಜಾಗಕ್ಕೆ ಹೋದಳು. ಅಲ್ಲಿ ಕಾವ್ಯಶ್ರೀ ಕೂತಿದ್ದಳು. ತಪಾಸಣೆಯ ಕಂಪ್ಯೂಟರ್ ನಿಮಗೆ, ಗೆರೆ ಎಳೆಯುವುದು ನನಗೂ ಸೋಮೇಶನಿಗೂ ಎಂದಳು. ಭಾಗ್ಯ ನಂಬದೆ ರಾಜಶೇಖರ್ ಅವರ ಮುಖ ನೋಡಿದಳು. ಅವರು, ಹೈದರಾಬಾದಿನವರಿಗೂ ಇವಳಿಗೂ ಸೇರಿ ತಲೆ ಕೆಟ್ಟಿದೆ, ನೀನು ಕೂತ್ಕೊಳ್ಳವ್ವ ಎಂದು ಗೊಣಗುತ್ತ ಕೆಳಗಿಳಿದು ಹೋದರು. ಭಾಗ್ಯ ಕುರ್ಚಿಯನ್ನು ಸೆರಗಿನಿಂದ ಒಮ್ಮೆ ಒರೆಸಿ ಕೂತಳು.

ಕಾವ್ಯಶ್ರೀ ಮೊದಲ ಹಾಳೆಗೆ ಕೈ ಹಾಕಿದಳು. ನೆರಳು ಬಂದ ಕಡೆಯೆಲ್ಲ ಕೈ ಮುಂದಕ್ಕೆ ಜಗ್ಗುತ್ತಿತ್ತು. ಮೌಸ್ ಬಿಟ್ಟು ಎದ್ದು ಕಿಟಕಿಯವರೆಗೆ ಹೋಗಿ ಬರುತ್ತಿದ್ದಳು, ಬಂದು ಮತ್ತೆ ಹಿಡಿಯುತ್ತಿದ್ದಳು. ತುದಿ ಬಿಟ್ಟ ಗೆರೆಗಳನ್ನು ನೋಡಿದರೆ ಮೈಯೆಲ್ಲ ಕಸಿವಿಸಿ, ಯಾರದೋ ಮನೆಯ ಬಾಗಿಲು ತೆರೆದಿಟ್ಟು ಬಂದ ಹಾಗೆ. ಮಧ್ಯಾಹ್ನದ ಹೊತ್ತಿಗೆ ಒಂದು ಹಾಳೆ ಮುಗಿಸಿ ಭಾಗ್ಯಳಿಗೆ ಕಳಿಸಿದಳು. ಈ ಸಲ ಒಂದು ಕೂದಲೆಳೆಯೂ ತಪ್ಪಿಲ್ಲ ಎಂದು ಅವಳಿಗೆ ಖಾತ್ರಿಯಿತ್ತು. ಸ್ವಲ್ಪ ಹೊತ್ತಿನಲ್ಲಿ ಹಾಳೆ ವಾಪಸು ಬಂತು. ಒಂದು ಕುಳಿಯ ಬಳಿ ಕೆಂಪು ಗುರುತಿತ್ತು.

ಅವಳು ಎದ್ದು ಭಾಗ್ಯಳ ಹತ್ತಿರ ಹೋದಳು. ಇಲ್ಲಿ ಸಣ್ಣಗೆ ಬೆಳಕಿದೆ, ಅಂಚು ಕಾಣುತ್ತದೆ, ಅದಕ್ಕೇ ಎಳೆದಿದ್ದೇನೆ ಎಂದಳು. ದನಿಯಲ್ಲಿ ಹಳೆಯ ಪಾಠ ಹೇಳುವ ಮೇಡಮ್ ಇನ್ನೂ ಇದ್ದಳು. ಭಾಗ್ಯ ಚಿತ್ರವನ್ನು ದೊಡ್ಡದು ಮಾಡಿದಳು, ಇನ್ನಷ್ಟು ದೊಡ್ಡದು ಮಾಡಿದಳು. ಪರದೆಗೆ ಹತ್ತಿರ ಬಗ್ಗಿ ನೋಡಿದಳು.

"ನಂಗೆ ಕಾಣ್ತಿಲ್ಲ. ನಿಮ್ಗೆ ದಿಟವಾಗ್ಲೂ ಕಾಣ್ತದಾ ಮೇಡಮ್, ಇಲ್ಲಾ ಇರ್ಬೇಕು ಅಂತ ಕಾಣ್ತದಾ?"

ಕೇಳಿದ್ದರಲ್ಲಿ ಕುಹಕವಿರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದಳು. ಕಾವ್ಯಶ್ರೀ ಆ ಕಪ್ಪನ್ನು ಕಣ್ಣು ನೋಯುವವರೆಗೂ ನೋಡಿದಳು. ಅಂಚು ಇದ್ದ ಹಾಗಿತ್ತು, ಇಲ್ಲದ ಹಾಗೂ ಇತ್ತು. ಇರಬೇಕು ಎಂದುಕೊಂಡಾಗಲೆಲ್ಲ ಇತ್ತು.

"ಇರ್ಬೇಕು ಅಂತ ಕಂಡಿದ್ದು ಭಾಗ್ಯಕ್ಕ," ಎಂದಳು.

ಅವತ್ತು ಮೆಟ್ಟಿಲ ಮೇಲೆ ಭಾಗ್ಯಳ ತಪ್ಪು ಅವಳಿಗೆ ಕಂಡಿದ್ದೂ ಹೀಗೆಯೇ. ಅದನ್ನೂ ಬಾಯಿಬಿಟ್ಟು ಹೇಳಬೇಕೆಂದು ನಿಂತಳು. ಅಷ್ಟರಲ್ಲಿ ಭಾಗ್ಯ ಅಷ್ಟು ಗೆರೆಯನ್ನು ಅಳಿಸಿ, ಸೋಮೇಶನ ಹಾಳೆ ತೆರೆದು ನೋಡತೊಡಗಿದ್ದಳು.